ಮಕ್ಕಳಿಂದ ಕಲಿತ ಗುರುಮಾತೆ: ಮರಿಯಾ ಮಾಂಟೆಸ್ಸರಿ

ಇಟಲಿಯ ಕಿಯಾರವಲ್ಲೆ ಎಂಬ ಊರಿನ ಕಥೋಲಿಕ ಮನೆತನದಲ್ಲಿ 1870ರ ಆಗಸ್ಟ್ 31ರಂದು ಮರಿಯಾ ಮಾಂಟೆಸ್ಸರಿಯವರು ಜನಿಸಿದರು. ಸ್ತ್ರೀಯರಿಗೆ ವೈದ್ಯವಿದ್ಯೆ ದುರ್ಲಭವಾಗಿದ್ದ ಕಾಲದಲ್ಲಿ, 1896ರಲ್ಲಿ, ರೋಮ್ ವಿಶ್ವವಿದ್ಯಾನಿಲಯದಿಂದ ವೈದ್ಯ ಪದವಿ ಪಡೆದರು. ಮಂದಬುದ್ಧಿಯವರೆಂದು ಲೋಕವು ಕೈಬಿಟ್ಟಿದ್ದ ಮಕ್ಕಳ ಸೇವೆಯಲ್ಲಿ ತೊಡಗಿದಾಗ, ಕೈಗೆ ಕೆಲಸ ದೊರೆತರೆ ಮನಸ್ಸೂ ಅರಳುವುದೆಂದು ಕಂಡುಕೊಂಡರು.

1907ರ ಜನವರಿ 6, ಮೂರು ರಾಯರ ಹಬ್ಬದಂದು, ರೋಮಿನ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಅವರ ಪ್ರಥಮ ‘ಮಕ್ಕಳ ಮನೆ’ ತೆರೆಯಿತು. ಅಲ್ಲಿ ಪುಟ್ಟ ಬಾಲೆಯೊಬ್ಬಳು ಮರದ ತುಂಡುಗಳನ್ನು ತಕ್ಕ ಕುಳಿಗಳಲ್ಲಿ ಕೂರಿಸುವ ಕೆಲಸವನ್ನು 40ಕ್ಕೂ ಹೆಚ್ಚು ಬಾರಿ ತನ್ಮಯಳಾಗಿ ಮಾಡಿದಳು. ಮರಳುಕಾಗದದ ಅಕ್ಷರಗಳ ಮೇಲೆ ಬೆರಳಾಡಿಸಿ ಮಕ್ಕಳು ಬರೆಯಲು ಕಲಿತರು. ಮಗುವಿನ ಒಲವನ್ನು ಗಮನಿಸಿದ ಮೇಲೆಯೇ ಶಿಕ್ಷಕಿಯು ಪಾಠವನ್ನು ಅಣಿಗೊಳಿಸತಕ್ಕದ್ದೆಂಬುದು ಅವರ ನಿಯಮವಾಯಿತು.

ಸ್ಪೇನಿನ ಬಾರ್ಸಿಲೋನಾದಲ್ಲಿ ಇದೇ ಕ್ರಮವು ಧರ್ಮೋಪದೇಶಕ್ಕೂ ಸಂದಿತು. ಮಕ್ಕಳೇ ಗೋಧಿ ಬಿತ್ತಿ, ದ್ರಾಕ್ಷಿ ಬೆಳೆಸಿ, ಬಲಿಪೂಜೆಯ ರೊಟ್ಟಿ ಮತ್ತು ದ್ರಾಕ್ಷಾರಸದ ಅರ್ಥವನ್ನು ಕೈಯಾರೆ ಅರಿತರು.

ಮುಸೊಲಿನಿಯ ಸರ್ವಾಧಿಕಾರಕ್ಕೆ ಮಣಿಯದಿದ್ದುದರಿಂದ, 1930ರ ದಶಕದಲ್ಲಿ ಇಟಲಿಯಲ್ಲಿದ್ದ ಅವರ ಶಾಲೆಗಳು ಮುಚ್ಚಲ್ಪಟ್ಟವು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದರು. ಮರುವರ್ಷ ಇಟಲಿಯು ಯುದ್ಧಕ್ಕಿಳಿಯಲು, ಶತ್ರುದೇಶದವರೆಂದು ಅವರ ಸಂಚಾರಕ್ಕೆ ನಿರ್ಬಂಧ ಬಿದ್ದಿತು. ಮಗ ಮಾರಿಯೊ ಕೆಲಕಾಲ ಬಂಧನದಲ್ಲಿದ್ದರು. ಆದರೂ ಆ ಮಾತೆ ಎದೆಗುಂದದೆ, ಅಡ್ಯಾರಿನಲ್ಲಿಯೂ ಕೊಡೈಕನಾಲಿನಲ್ಲಿಯೂ ನೂರಾರು ಶಿಕ್ಷಕರನ್ನು ತರಬೇತುಗೊಳಿಸಿದರು.

1952ರ ಮೇ 6ರಂದು ಹಾಲೆಂಡಿನ ನೂರ್ಡ್‌ವೈಕ್‌ನಲ್ಲಿ ದೈವಾಧೀನರಾಗಿ, ಅಲ್ಲಿಯ ಕಥೋಲಿಕ ಸ್ಮಶಾನದಲ್ಲಿ ವಿಶ್ರಮಿಸಿದ್ದಾರೆ. ನಮ್ಮ ಮಕ್ಕಳಿಗೆ ಜಪವನ್ನಾಗಲಿ ಲೆಕ್ಕವನ್ನಾಗಲಿ ಬಾಯಿಪಾಠ ಮಾಡಿಸುವ ಮೊದಲು, ಅವರ ಕಣ್ಣು ಎತ್ತ ನೆಟ್ಟಿದೆಯೆಂದು ನೋಡುವುದೇ ಈ ಗುರುಮಾತೆಗೆ ನಾವು ಸಲ್ಲಿಸಬಹುದಾದ ಕಾಣಿಕೆ.