ರೋಲ್ಯಾಂಡ್ ಗ್ಯಾರೋಸ್ ಟೆನಿಸ್ ಆಟಗಾರನೇ? ಅಲ್ಲ, ಸಮುದ್ರ ದಾಟಿದ ಪೈಲಟ್!

ಪ್ರತಿ ವರ್ಷ ಮೇ ಕೊನೆಯಲ್ಲಿ ಫ್ರೆಂಚ್ ಓಪನ್ ಶುರುವಾದರೆ ಟಿವಿ ತುಂಬಾ ‘ರೋಲ್ಯಾಂಡ್ ಗ್ಯಾರೋಸ್’ ಎಂಬ ಹೆಸರು. ಯಾರೋ ಹಳೇ ಕಾಲದ ಟೆನಿಸ್ ಚಾಂಪಿಯನ್ ಇರಬೇಕು ಅಂತ ನೀವೂ ಅಂದುಕೊಂಡಿರಬಹುದು. ಅದು ತಪ್ಪು. ಅವರು ವಿಮಾನ ಚಾಲಕ.

ಗ್ಯಾರೋಸ್ ಹುಟ್ಟಿದ್ದು 1888ರ ಅಕ್ಟೋಬರ್ 6ರಂದು, ಹಿಂದೂ ಮಹಾಸಾಗರದಲ್ಲಿರುವ ಫ್ರಾನ್ಸಿನ ರಿಯೂನಿಯನ್ ದ್ವೀಪದಲ್ಲಿ. 12ನೇ ವಯಸ್ಸಿನಲ್ಲಿ ನ್ಯುಮೋನಿಯಾ ಬಂದಾಗ ಮನೆಯವರು ದಕ್ಷಿಣ ಫ್ರಾನ್ಸಿನ ಕಡಲ ತೀರಕ್ಕೆ ಕಳಿಸಿದರು. ಅಲ್ಲಿ ಸೈಕಲ್ ತುಳಿದೇ ಚೇತರಿಸಿಕೊಂಡರು. ಮುಂದೆ ಪ್ಯಾರಿಸ್‌ನಲ್ಲಿ ವಾಣಿಜ್ಯ ಓದಿ ಕಾರು ವ್ಯಾಪಾರಕ್ಕೆ ಇಳಿದರು. 1909ರಲ್ಲಿ ರೀಮ್ಸ್ ನಗರದ ವಿಮಾನ ಪ್ರದರ್ಶನ ನೋಡಿದ ಮೇಲೆ ಕಾರು ರುಚಿಸಲಿಲ್ಲ. ಮರುವರ್ಷವೇ ಪೈಲಟ್ ಲೈಸೆನ್ಸ್ ಪಡೆದರು.

ಅವರ ಹೆಸರು ಜಗತ್ತಿಗೆ ಗೊತ್ತಾಗಿದ್ದು 1913ರ ಸೆಪ್ಟೆಂಬರ್ 23ರಂದು. ದಕ್ಷಿಣ ಫ್ರಾನ್ಸಿನ ಫ್ರೆಜ್ಯೂಸ್‌ನಿಂದ ಬೆಳಗಿನ 6 ಗಂಟೆಗೆ ಮೊದಲೇ ಒಬ್ಬರೇ ಹೊರಟರು. ಗುರಿ ಮೆಡಿಟರೇನಿಯನ್ ಸಮುದ್ರದ ಆಚೆ, ಆಫ್ರಿಕಾದ ಟ್ಯುನೀಷಿಯಾದಲ್ಲಿರುವ ಬಿಜೆರ್ಟ್. ನಡುವೆ ಕೋರ್ಸಿಕಾ, ಸಾರ್ಡೀನಿಯಾ ದ್ವೀಪಗಳನ್ನು ಬಿಟ್ಟರೆ ಬರೀ ನೀರು. ಕೋರ್ಸಿಕಾ ಹತ್ತಿರ ಎಂಜಿನ್ ತೊಂದರೆ ಕೊಟ್ಟಿತು. ಇಳಿಯಬಹುದಿತ್ತು, ಇಳಿಯಲಿಲ್ಲ. 7 ಗಂಟೆ 53 ನಿಮಿಷದ ನಂತರ ಬಿಜೆರ್ಟ್ ಮುಟ್ಟಿದಾಗ ಟ್ಯಾಂಕಿನಲ್ಲಿ ಉಳಿದಿದ್ದು ಕೆಲವೇ ಲೀಟರ್ ಇಂಧನ!

ಈಗ ಸ್ವಲ್ಪ ಲೆಕ್ಕ. ಆ ಹಾರಾಟದ ದೂರ ಸುಮಾರು 780 ಕಿ.ಮೀ. ಅಂದರೆ ವೇಗ ಗಂಟೆಗೆ ಸುಮಾರು 100 ಕಿ.ಮೀ., ಇಂದಿನ ಹೆದ್ದಾರಿ ಕಾರಿನಷ್ಟೇ. ನಕಾಶೆಯಲ್ಲಿ ನೇರ ಗೆರೆ ಎಳೆದರೆ ದೂರ ಇನ್ನೂ ಕಡಿಮೆ, 735 ಕಿ.ಮೀ. ಆಸುಪಾಸು. ಮೊಬೈಲಿನಲ್ಲಿ ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಹುಡುಕಿದರೆ ಸಾಮಾನ್ಯವಾಗಿ ಸಿಗುವುದು ಇಂಥ ನೇರ ಗೆರೆಯ ಲೆಕ್ಕವೇ. ವಿಮಾನ ಹಾಗೆ ಹೋಗುವುದಿಲ್ಲ. ದಾರಿ ಬಳಸುತ್ತದೆ, ಗಾಳಿ ಎದುರಾದರೆ ನಿಧಾನವಾಗುತ್ತದೆ, ಏರಲು ಇಳಿಯಲು ಸಮಯ ಹಿಡಿಯುತ್ತದೆ. ಹಾಗಾಗಿ ಗಂಟೆಗೆ 800 ಕಿ.ಮೀ. ಹಾರುವ ಜೆಟ್‌ಗೂ ಈ ದೂರಕ್ಕೆ ಒಂದು ಗಂಟೆ ಸಾಲದು, ಒಂದೂವರೆ ಗಂಟೆ ಹತ್ತಿರ ಬೇಕು. ಇಂದಿನ ವಿಮಾನಗಳು ಲೆಕ್ಕ ತಪ್ಪಿದರೂ ಇರಲಿ ಎಂದು ಹೆಚ್ಚುವರಿ ಇಂಧನ ಹೊತ್ತೇ ಹೊರಡಬೇಕೆಂಬ ನಿಯಮವಿದೆ. ಗ್ಯಾರೋಸ್‌ಗೆ ಆ ಭಾಗ್ಯ ಇರಲಿಲ್ಲ.

ಮೊದಲ ಮಹಾಯುದ್ಧದಲ್ಲಿ ಅವರು ಪ್ರೊಪೆಲ್ಲರ್ ರೆಕ್ಕೆಗಳಿಗೆ ಉಕ್ಕಿನ ತುಂಡು ಕಟ್ಟಿಸಿ, ಅದರ ನಡುವಿನಿಂದಲೇ ಗುಂಡು ಹಾರಿಸಿದರು. ಜಗತ್ತಿನ ಮೊದಲ ‘ಏಸ್’ ಪೈಲಟ್ ಇವರೇ ಎಂಬ ಮಾತೂ ಓಡಾಡುತ್ತದೆ. ಅದೂ ಸರಿಯಲ್ಲ. ಏಸ್ ಎನಿಸಿಕೊಳ್ಳಲು 5 ವಿಮಾನ ಉರುಳಿಸಿರಬೇಕು, ಇವರ ಲೆಕ್ಕ ಅಷ್ಟು ಮುಟ್ಟಲಿಲ್ಲ. 1915ರ ಏಪ್ರಿಲ್‌ನಲ್ಲಿ ಜರ್ಮನ್ನರ ಕೈಗೆ ಸಿಕ್ಕಿಬಿದ್ದರು. ಸುಮಾರು ಮೂರು ವರ್ಷ ಸೆರೆಯಲ್ಲಿದ್ದು, 1918ರ ಫೆಬ್ರುವರಿಯಲ್ಲಿ ಜರ್ಮನ್ ಅಧಿಕಾರಿಯ ವೇಷ ಹಾಕಿಕೊಂಡು ತಪ್ಪಿಸಿಕೊಂಡರು. ಬದುಕಿ ಬಂದವರು ಮನೆಯಲ್ಲಿ ಕೂರಲಿಲ್ಲ, ಮತ್ತೆ ಯುದ್ಧವಿಮಾನ ಹತ್ತಿದರು. ಅಕ್ಟೋಬರ್ 5ರಂದು ಅವರ ವಿಮಾನ ಉರುಳಿತು. 30 ತುಂಬಲು ಒಂದೇ ದಿನ ಬಾಕಿ ಇತ್ತು.

ಹಾಗಾದರೆ ಟೆನಿಸ್ ಎಲ್ಲಿಂದ ಬಂತು? 1928ರಲ್ಲಿ ಪ್ಯಾರಿಸ್‌ನಲ್ಲಿ ಡೇವಿಸ್ ಕಪ್‌ಗಾಗಿ ಹೊಸ ಕ್ರೀಡಾಂಗಣ ಕಟ್ಟಿದಾಗ, ಗ್ಯಾರೋಸ್ ಜೊತೆ ಓದಿದ್ದ ಎಮಿಲ್ ಲೆಸ್ಯೂರ್ ಪಟ್ಟು ಹಿಡಿದು ಗೆಳೆಯನ ಹೆಸರು ಇಡಿಸಿದರು. ಲೆಸ್ಯೂರ್ ಕೂಡ ಟೆನಿಸ್‌ನವರಲ್ಲ, ರಗ್ಬಿ ಆಟಗಾರ! ರಿಯೂನಿಯನ್ ದ್ವೀಪದ ಮುಖ್ಯ ವಿಮಾನ ನಿಲ್ದಾಣಕ್ಕೂ ಈಗ ಗ್ಯಾರೋಸ್ ಹೆಸರೇ ಇದೆ. ಪ್ಯಾರಿಸ್‌ನಿಂದ ಅಲ್ಲಿಗೆ 9,000 ಕಿ.ಮೀ.ಗೂ ಹೆಚ್ಚು ದೂರ, ಹಾರಾಟ ಸುಮಾರು 11 ಗಂಟೆ.