ಗೊಂಬೆಮನೆಯ ಗುರು: ಫ್ರಾನ್ಸೆಸ್ ಗ್ಲೆಸ್ನರ್ ಲೀ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳಿಂದ)

ಗೊಂಬೆಯೆಂದರೆ ಮಕ್ಕಳ ಸ್ವತ್ತು, ಗೊಂಬೆಯಾಟವೆಂದರೆ ಹೊತ್ತು ಕಳೆಯುವ ವಿನೋದ ಎಂಬುದು ಲೋಕರೂಢಿ. ಕಾರ್ಕಳದ ಬಂಡೆಯ ಮೇಲೆ 1432ರಿಂದ ನಿಂತಿರುವ 42 ಅಡಿಯ ಗೊಮ್ಮಟನನ್ನು ಕಂಡು ಬೆಳೆದ ನಮಗೆ ಹಿರಿದರಲ್ಲಿಯೇ ಮಹತ್ತ್ವವಿದೆ ಎಂಬ ಭಾವನೆ ಸಹಜವಾಗಿಯೇ ಬಂದಿದೆ. ಆದರೆ ಕಿರಿದರಲ್ಲಿಯೂ ಮಹತ್ತ್ವ ಉಂಟೆಂಬುದನ್ನು ನಮ್ಮ ಜಿಲ್ಲೆಯೇ ತೋರಿಸಿಕೊಟ್ಟಿದೆ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟವನ್ನು ನೋಡಿದವರಿಗೆ ಇದು ತಿಳಿದ ವಿಷಯ. ರಂಗಸ್ಥಳದ ವೇಷಧಾರಿಯ ಕಿರೀಟ, ಎದೆಕಟ್ಟು, ಭುಜಕೀರ್ತಿಗಳೆಲ್ಲ ಅಲ್ಲಿ ಗೊಂಬೆಯ ಅಳತೆಗೆ ಇಳಿದು ಬರುತ್ತವೆ. ಆಟ ಆರಂಭವಾಗಿ ಸ್ವಲ್ಪ ಹೊತ್ತಿಗೆ, ನೋಡುತ್ತಿರುವುದು ಗೊಂಬೆ ಎಂಬುದೇ ಮರೆತುಹೋಗುತ್ತದೆ.

ಹೀಗೆಯೇ ಕಿರಿದನ್ನು ನಂಬಿ, ಗೊಂಬೆಮನೆಗಳನ್ನು ಕಟ್ಟಿ, ಅವುಗಳ ಮೂಲಕ ಪೊಲೀಸರಿಗೆ ಪಾಠ ಹೇಳಿದ ಮಹಿಳೆಯೊಬ್ಬರು ಅಮೆರಿಕೆಯಲ್ಲಿ ಇದ್ದರು. ವಿದ್ಯಾರ್ಥಿನಿಯಾಗಿ ಕಾಲೇಜಿನ ಮೆಟ್ಟಿಲನ್ನು ಅವರು ಒಮ್ಮೆಯೂ ಹತ್ತಿದವರಲ್ಲ. ಅವರ ಜೀವನವನ್ನು ನನ್ನ ಸಹಪಾಠಿಗಳ ಮುಂದೆ ಸಂಗ್ರಹವಾಗಿ ಇಡುವುದು ಈ ಲೇಖನದ ಉದ್ದೇಶ.

ಫ್ರಾನ್ಸೆಸ್ ಗ್ಲೆಸ್ನರ್ 1878ನೆಯ ಇಸವಿ ಮಾರ್ಚ್ 25ರಂದು ಷಿಕಾಗೋ ನಗರದಲ್ಲಿ ಜನಿಸಿದರು. ತಂದೆ ಜಾನ್ ಜೇಕಬ್ ಗ್ಲೆಸ್ನರ್ ಕೃಷಿಯಂತ್ರಗಳ ಉದ್ಯಮದಲ್ಲಿ ಅಪಾರ ಸಂಪತ್ತು ಗಳಿಸಿದವರು. 1902ರಲ್ಲಿ ಕೆಲವು ಕಂಪೆನಿಗಳು ಒಂದುಗೂಡಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಎಂಬ ದೊಡ್ಡ ಸಂಸ್ಥೆ ಹುಟ್ಟಿಕೊಂಡಾಗ ಅವರ ಕಂಪೆನಿಯೂ ಅದರಲ್ಲಿ ಸೇರಿತು. ಷಿಕಾಗೋವಿನ ಪ್ರೇರಿ ಅವೆನ್ಯೂ ಎಂಬಲ್ಲಿ 1887ರಲ್ಲಿ ಪೂರ್ತಿಯಾದ ಅವರ ಕಲ್ಲಿನ ಮನೆಯನ್ನು ರೂಪಿಸಿದವರು ರಿಚರ್ಡ್‌ಸನ್ ಎಂಬ ಪ್ರಸಿದ್ಧ ವಾಸ್ತುಶಿಲ್ಪಿ. ಆ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ತಾಯಿ ಹೊಲಿಗೆ, ಹೆಣಿಗೆ, ಬೆಳ್ಳಿಯ ಕೆಲಸ ಮೊದಲಾದುವುಗಳಲ್ಲಿ ನಿಪುಣರು.

ಮಕ್ಕಳಿಬ್ಬರಿಗೂ ಮನೆಯಲ್ಲಿಯೇ ಉಪಾಧ್ಯಾಯರನ್ನಿಟ್ಟು ಪಾಠ ಹೇಳಿಸಿದರು. ಅಣ್ಣ ಜಾರ್ಜ್ ಮುಂದೆ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಹೋದನು. ತಂಗಿ ಹೋಗಲಿಲ್ಲ. ಸಿರಿವಂತರ ಮಗಳಿಗೆ ಆ ಕಾಲದಲ್ಲಿ ಕಲಿಸುತ್ತಿದ್ದುದು ಸೂಜಿ, ನೂಲು, ಸಂಗೀತ, ಅತಿಥಿಸತ್ಕಾರ. 1898ರಲ್ಲಿ, ಅಂದರೆ ಹೆಚ್ಚುಕಡಿಮೆ ಇಪ್ಪತ್ತರ ಪ್ರಾಯದಲ್ಲಿ, ಬ್ಲೂಯೆಟ್ ಲೀ ಎಂಬ ವಕೀಲರೊಡನೆ ಆಕೆಯ ವಿವಾಹವಾಯಿತು. ಮೂವರು ಮಕ್ಕಳಾದರು. ದಾಂಪತ್ಯ ಸುಖಕರವಾಗಲಿಲ್ಲ, 1914ರಲ್ಲಿ ವಿಚ್ಛೇದನವಾಯಿತು.

ನನ್ನ ಮನೆಯಲ್ಲಿ ನನಗಿಂತ ಮೊದಲು ಕಾಲೇಜು ಕಂಡವರಿಲ್ಲ. ನಮ್ಮವರನ್ನು ತಡೆದುದು ಬಡತನ. ಹಣದ ರಾಶಿಯ ಮೇಲೆ ಕುಳಿತ ಮನೆಯಲ್ಲಿಯೂ ಮಗಳ ಪಾಲಿಗೆ ಕಾಲೇಜು ಇಲ್ಲದೆ ಹೋಯಿತೆಂಬುದನ್ನು ಓದಿದಾಗ, ವಿದ್ಯೆಗೆ ಅಡ್ಡ ನಿಲ್ಲುವ ಗೋಡೆ ಒಂದೇ ಬಗೆಯದಲ್ಲವೆಂದು ನನಗೆ ಮನವರಿಕೆಯಾಯಿತು.

ಶ್ರೀಮತಿ ಲೀ ಅವರ ಕೈಗೆ ಚಿಕ್ಕ ವಸ್ತುಗಳು ಒಲಿದಿದ್ದುವು. ಗೊಂಬೆಮನೆಗಳನ್ನು ಅಣಿಗೊಳಿಸುವುದು ಪಾಶ್ಚಾತ್ಯ ಶ್ರೀಮಂತ ಸ್ತ್ರೀಯರ ಹಳೆಯ ಹವ್ಯಾಸ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಆಂಸ್ಟರ್‌ಡಾಮಿನ ಪೆಟ್ರೊನೆಲ್ಲಾ ಊರ್ಟ್‌ಮನ್ ಎಂಬಾಕೆ ಸಿದ್ಧಪಡಿಸಿದ ಗೊಂಬೆಮನೆ ಇಂದಿಗೂ ಅಲ್ಲಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿದೆ. ಹೊಸದಿಲ್ಲಿಯ ರಾಷ್ಟ್ರಪತಿ ಭವನವನ್ನು ರೂಪಿಸಿದ ಲಟ್ಯನ್ಸ್ ಕೂಡ ಅದೇ ವರ್ಷಗಳಲ್ಲಿ ಇಂಗ್ಲೆಂಡಿನ ರಾಣಿ ಮೇರಿಗಾಗಿ ಒಂದು ಗೊಂಬೆಯ ಅರಮನೆಯನ್ನು ರೂಪಿಸಿ 1924ರಲ್ಲಿ ಮುಗಿಸಿದನು. ಅದರ ನಲ್ಲಿಗಳಲ್ಲಿ ನೀರು ಬರುತ್ತಿತ್ತು, ದೀಪಗಳು ಬೆಳಗುತ್ತಿದ್ದುವು. ಶ್ರೀಮತಿ ಲೀ ಅವರೂ ಇದೇ ದಾರಿಯಲ್ಲಿ ಹೊರಟವರು. 1913ರಲ್ಲಿ ತಾಯಿಯ ಹುಟ್ಟುಹಬ್ಬಕ್ಕೆಂದು ಷಿಕಾಗೋ ವಾದ್ಯವೃಂದದ 90 ಮಂದಿ ವಾದಕರನ್ನು ಗೊಂಬೆಗಳಲ್ಲಿ ಮಾಡಿಕೊಟ್ಟರು. ಪ್ರತಿಯೊಬ್ಬನ ಕೈಯಲ್ಲಿ ವಾದ್ಯ, ಮುಂದೆ ಸಂಗೀತದ ಹಾಳೆ!

ಈ ಹವ್ಯಾಸ ಇಲ್ಲಿಗೇ ನಿಂತಿದ್ದರೆ ಆಕೆಯ ಹೆಸರು ನಮ್ಮವರೆಗೆ ಬರುತ್ತಿರಲಿಲ್ಲ. ಅದನ್ನು ಬೇರೆ ದಾರಿಗೆ ತಿರುಗಿಸಿದುದು ಅಣ್ಣನ ಸಹಪಾಠಿ ಜಾರ್ಜ್ ಬರ್ಜೆಸ್ ಮಗ್ರಾತ್ ಅವರ ಸ್ನೇಹ. ಮಗ್ರಾತ್ ಬಾಸ್ಟನ್ ನಗರದಲ್ಲಿ ಸಂಶಯಾಸ್ಪದ ಮರಣಗಳನ್ನು ಪರೀಕ್ಷಿಸುವ ವೈದ್ಯಾಧಿಕಾರಿ. ಅಮೆರಿಕೆಯ ಅನೇಕ ಕಡೆಗಳಲ್ಲಿ ಆಗ ಆ ಕೆಲಸವನ್ನು ಮಾಡುತ್ತಿದ್ದವನು ಚುನಾವಣೆಯಲ್ಲಿ ಆರಿಸಿ ಬರುವ ಕಾರೊನರ್ ಎಂಬ ಅಧಿಕಾರಿ. ಆತನಿಗೆ ವೈದ್ಯಶಾಸ್ತ್ರದ ಗಂಧ ಇರಬೇಕೆಂಬ ನಿಯಮವೂ ಇರಲಿಲ್ಲ. ಮ್ಯಾಸಚೂಸೆಟ್ಸ್ ರಾಜ್ಯ ಮಾತ್ರ 1877ರಲ್ಲಿಯೇ ಈ ಪದ್ಧತಿಯನ್ನು ತೆಗೆದುಹಾಕಿ ವೈದ್ಯರನ್ನು ನೇಮಿಸಿತ್ತು. ಉಳಿದೆಡೆ ಆಗುತ್ತಿದ್ದ ಅನರ್ಥವನ್ನು ಮಗ್ರಾತ್ ವಿವರಿಸುತ್ತಿದ್ದರು. ಪೊಲೀಸರು ರಕ್ತದ ಕಲೆಯನ್ನು ತುಳಿದು ನಡೆಯುವರು. ಆಯುಧವನ್ನು ಬರಿಗೈಯಲ್ಲಿ ಎತ್ತುವರು. ಹೆಣವನ್ನು ಅತ್ತಿತ್ತ ಸರಿಸುವರು. ಕೊಲೆ ಆತ್ಮಹತ್ಯೆಯೆನಿಸಿ ಮುಚ್ಚಿಹೋಗುವುದು; ಇಲ್ಲವೆ ನಿರಪರಾಧಿ ಸೆರೆಮನೆ ಸೇರುವನು.

ಆಗ ಶ್ರೀಮತಿ ಲೀ ಅವರಿಗೆ ಐವತ್ತು ದಾಟಿತ್ತು. ಬದುಕಿನ ಕೆಲಸ ಮುಗಿಯಿತೆಂದು ಜಪಮಾಲೆ ಹಿಡಿಯುವ ಆ ಪ್ರಾಯದಲ್ಲಿ ಆಕೆ ಕೆಲಸಕ್ಕೆ ಕೈಹಾಕಿದರು. 1931ರಲ್ಲಿ ಹಾರ್ವರ್ಡಿನಲ್ಲಿ ನ್ಯಾಯವೈದ್ಯಶಾಸ್ತ್ರದ ವಿಭಾಗ ಸ್ಥಾಪನೆಯಾಗಲು ನೆರವಾದರು. 1934ರಲ್ಲಿ ಅದಕ್ಕೊಂದು ಗ್ರಂಥಭಂಡಾರವನ್ನು ಕೊಟ್ಟು ಮಗ್ರಾತರ ಹೆಸರಿಟ್ಟರು. 1936ರಲ್ಲಿ 2,50,000 ಡಾಲರುಗಳ ನಿಧಿಯನ್ನಿತ್ತರು. ಹಾರ್ವರ್ಡಿನ ವೈದ್ಯಕೀಯ ಶಾಲೆ ವಿದ್ಯಾರ್ಥಿನಿಯರನ್ನು ಸೇರಿಸಿಕೊಂಡುದು 1945ರಲ್ಲಿ. ಎಂದರೆ, ಹೆಂಗಸರಿಗೆ ಬಾಗಿಲು ತೆರೆಯದಿದ್ದ ವಿದ್ಯಾಲಯಕ್ಕೆ ಹೆಂಗಸೊಬ್ಬರು ಹೊರಗೆ ನಿಂತೇ ಒಂದು ವಿಭಾಗವನ್ನು ಕಟ್ಟಿಕೊಟ್ಟರು.

ಆದರೆ ಹಣದಿಂದ ನೀಗದ ತೊಡಕೊಂದಿತ್ತು. ಪೊಲೀಸರಿಗೆ ನೋಡಲು ಕಲಿಸುವುದು ಹೇಗೆ? ಕೊಲೆಯಾದ ಮನೆಗೆ ತರಗತಿಯನ್ನು ಕರೆದೊಯ್ಯುವಂತಿಲ್ಲ. ನಕ್ಷೆಯಲ್ಲಿ ಎಲ್ಲವೂ ಕಾಣಿಸುವುದಿಲ್ಲ. ಇದಕ್ಕೆ ಪರಿಹಾರ ದೊರೆತುದು ಗೊಂಬೆಮನೆಯಲ್ಲಿ. 1940ರ ದಶಕದಲ್ಲಿ ನ್ಯೂ ಹ್ಯಾಂಪ್‌ಷೈರಿನ ತಮ್ಮ ಎಸ್ಟೇಟಿನಲ್ಲಿ ಅವರು ಒಂದೊಂದೇ ಮನೆಯನ್ನು ಕಟ್ಟತೊಡಗಿದರು. ಮರಗೆಲಸವೆಲ್ಲ ರಾಲ್ಫ್ ಮೋಷರ್ ಎಂಬ ಬಡಗಿಯದು. ಮುಂದೆ ಆತನ ಮಗನೂ ಈ ಕೆಲಸದಲ್ಲಿ ಸೇರಿದನು. ಗೊಂಬೆಗಳ ಉಡುಪು, ಹಾಸಿಗೆ, ಪರದೆಗಳು ಶ್ರೀಮತಿ ಲೀ ಅವರ ಕೈಯವು. ಸತ್ಯವನ್ನು ಒಂದು ಕಾಯಿಯ ಚಿಪ್ಪಿನಲ್ಲಿ ಅಡಗಿಸಿಟ್ಟಂತೆ ಎಂಬ ಅರ್ಥ ಬರುವಂತೆ ಇವಕ್ಕೆ ನಟ್‌ಷೆಲ್ ಎಂದು ಹೆಸರಿಟ್ಟರು.

ಅಳತೆ ಒಂದು ಅಡಿಗೆ ಒಂದು ಅಂಗುಲ. ಆರಡಿಯ ಮನುಷ್ಯ ಆರಂಗುಲದ ಗೊಂಬೆ. ಇದರೊಳಗೆ ಸುಳ್ಳು ಸಾಮಾನು ಒಂದೂ ಇರಬಾರದೆಂಬುದು ಅವರ ಹಟ. ಚಿಕ್ಕ ಕಾಲುಚೀಲಗಳನ್ನು ಗುಂಡುಸೂಜಿಗಳಿಂದಲೇ ಹೆಣೆದರು. ಗೋಡೆಯ ಪಂಚಾಂಗದಲ್ಲಿ ಸರಿಯಾದ ತಿಂಗಳನ್ನು ತೋರಿಸಿದರು. ಗೊಂಬೆಯ ಮೈಬಣ್ಣವೂ ಶಾಸ್ತ್ರಕ್ಕೆ ಸರಿಯಾಗಿ ಇರಬೇಕಿತ್ತು. ಸತ್ತ ಮೇಲೆ ರಕ್ತ ದೇಹದ ಕೆಳಭಾಗಕ್ಕೆ ಇಳಿದು ಅಲ್ಲಿ ಬಣ್ಣಗಟ್ಟುತ್ತದೆ. ಬೋರಲಾಗಿ ಬಿದ್ದ ಹೆಣದ ಬೆನ್ನಿನಲ್ಲಿ ಆ ಬಣ್ಣ ಕಂಡರೆ ಯಾರೋ ಅದನ್ನು ಮಗುಚಿದ್ದಾರೆಂದು ತಿಳಿಯಬೇಕು. ಇಂಗಾಲದ ವಿಷಾನಿಲದಿಂದ ಸತ್ತವರ ಮೈ ಕೆಂಪೇರುತ್ತದೆ. ಇವೆಲ್ಲವನ್ನೂ ಬಣ್ಣದ ಕುಂಚದಿಂದ ಗೊಂಬೆಯ ಮೈಮೇಲೆ ಬರೆದರು.

ಈ ಮನೆಗಳೊಳಗೆ ಹೊಗೆಸೊಪ್ಪನ್ನು ಸುತ್ತಿ ಮಾಡಿದ ಅತಿ ಚಿಕ್ಕ ಸಿಗರೇಟುಗಳೂ ಇವೆ. ಇದನ್ನು ಓದಿದಾಗ ನನಗೆ ನನ್ನ ತಾಯಿಯ ಬೆರಳುಗಳ ನೆನಪಾಯಿತು. ಅವರು ಬೀಡಿ ಕಟ್ಟುವವರು. ತಡ್ಪೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಬೇರೆಡೆ ಇದ್ದರೂ ಎಲೆಯಲ್ಲಿ ಹೊಗೆಸೊಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನು ಬೆರಳಿನಿಂದಲೇ ತಿಳಿಯುತ್ತಾರೆ. ಇದನ್ನು ವಿದ್ಯೆಯೆಂದು ಯಾರೂ ಕರೆದಿಲ್ಲ, ಅವರೂ ಕರೆದುಕೊಂಡಿಲ್ಲ. ಹೆಂಗಸರ ಕೈಕೆಲಸವೆಂದು ಲೋಕ ಬದಿಗಿಟ್ಟ ಹೊಲಿಗೆ ಹೆಣಿಗೆಗಳನ್ನು ವಿಶ್ವವಿದ್ಯಾನಿಲಯದ ಪಾಠೋಪಕರಣವಾಗಿ ಮಾಡಿದುದೇ ಶ್ರೀಮತಿ ಲೀ ಅವರ ದೊಡ್ಡ ಸಾಧನೆಯೆಂದು ನಾನು ಭಾವಿಸುತ್ತೇನೆ.

ಇನ್ನೊಂದು ವಿಶೇಷವನ್ನು ಗಮನಿಸಬೇಕು. ಆಕೆ ಬೆಳೆದುದು ಅರಮನೆಯಂಥ ಮನೆಯಲ್ಲಿ. ಕಟ್ಟಿದುದು ಹೆಚ್ಚಾಗಿ ಬಡವರ ಮತ್ತು ಸಾಮಾನ್ಯರ ಮನೆಗಳನ್ನು. ಮರದ ದಿಮ್ಮಿಯ ಗುಡಿಸಲು, ಬಾಡಿಗೆಯ ಕೋಣೆ, ಕೊಟ್ಟಿಗೆ, ಸುಟ್ಟುಹೋದ ಮನೆ. ಸತ್ತವರಲ್ಲಿ ಬಹುಮಂದಿ ಹೆಂಗಸರು. ಯಾರ ಸಾವಿಗೆ ಪತ್ರಿಕೆಯಲ್ಲಿ ಎರಡು ಸಾಲು ಸಿಗುವುದೂ ಕಷ್ಟವೋ ಅಂಥವರ ಸಾವನ್ನೇ ಆರಿಸಿಕೊಂಡರು. ನಿಜವಾದ ಪ್ರಕರಣಗಳನ್ನು ಆಧರಿಸಿ, ಹೆಸರು ಮತ್ತು ವಿವರಗಳನ್ನು ಬದಲಿಸಿ ಇವನ್ನು ರಚಿಸಿದರು.

ಅಡುಗೆಮನೆಯೆಂಬುದೊಂದು ಇದಕ್ಕೆ ಉದಾಹರಣೆ. ಒಲೆಯ ಮುಂದೆ ಹೆಂಗಸೊಬ್ಬಳು ಸತ್ತು ಬಿದ್ದಿದ್ದಾಳೆ. ಬಾಗಿಲ ಸಂದಿಗೆ ಪತ್ರಿಕೆಯ ಕಾಗದ ತುರುಕಿದೆ. ಅನಿಲದಿಂದ ಆತ್ಮಹತ್ಯೆ ಮಾಡಿಕೊಂಡಳೆಂದು ಬರೆದು ಕೈತೊಳೆದುಕೊಳ್ಳಬಹುದು. ಆದರೆ ಪಕ್ಕದಲ್ಲಿ ಅರ್ಧ ಸುಲಿದ ಆಲೂಗಡ್ಡೆ ಇದೆ. ಇಸ್ತ್ರಿಯ ಕೆಲಸ ನಡುವೆ ನಿಂತಿದೆ. ಸಾಯಲು ಹೊರಟವಳು ರಾತ್ರಿಯ ಅಡುಗೆಗೆ ಆಲೂಗಡ್ಡೆ ಸುಲಿಯುವಳೇ? ಈ ಪ್ರಶ್ನೆ ನಮಗೆ ದೂರದ್ದಲ್ಲ. ನಮ್ಮ ದೇಶದಲ್ಲಿಯೂ ಎಷ್ಟೋ ಎಳೆಯ ಸೊಸೆಯಂದಿರು ಅಡುಗೆಮನೆಯಲ್ಲಿ ಸ್ಟೋವು ಸಿಡಿದು ಸತ್ತರೆಂದು ಬರೆಯಿಸಿಕೊಂಡು ಬೂದಿಯಾದರು. 1983ರಲ್ಲಿ ಮತ್ತು 1986ರಲ್ಲಿ ಕಾನೂನನ್ನು ತಿದ್ದಿ, ಮದುವೆಯಾದ ಏಳು ವರ್ಷಗಳೊಳಗಿನ ಇಂಥ ಸಾವುಗಳನ್ನು ವಿಶೇಷವಾಗಿ ವಿಚಾರಿಸಬೇಕೆಂದು ವಿಧಿಸಬೇಕಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ, ಏಳು ವರ್ಷ ಅಥವಾ ಅದಕ್ಕೂ ಮಿಕ್ಕಿದ ಶಿಕ್ಷೆಯಿರುವ ಅಪರಾಧಗಳಲ್ಲಿ ವಿಧಿವಿಜ್ಞಾನದ ತಜ್ಞರು ಸ್ಥಳಕ್ಕೆ ಹೋಗಬೇಕೆಂಬ ನಿಯಮ ಸೇರಿದೆ. ಅದನ್ನು ಅನುಷ್ಠಾನಕ್ಕೆ ತರಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶವಿದೆ. ಕಾನೂನು ತಜ್ಞನನ್ನು ಬಾಗಿಲವರೆಗೆ ಕಳುಹಿಸಬಲ್ಲುದು. ಒಳಗೆ ಹೋದ ಮೇಲೆ ಆಲೂಗಡ್ಡೆಯನ್ನು ಕಾಣುವ ಕಣ್ಣನ್ನು ಅಭ್ಯಾಸದಿಂದಲೇ ಪಡೆಯಬೇಕು.

1943ರಲ್ಲಿ ನ್ಯೂ ಹ್ಯಾಂಪ್‌ಷೈರಿನ ರಾಜ್ಯ ಪೊಲೀಸು ಇಲಾಖೆ ಶ್ರೀಮತಿ ಲೀ ಅವರಿಗೆ ಕ್ಯಾಪ್ಟನ್ ಪದವಿಯನ್ನು ಕೊಟ್ಟಿತು. ಆಗ ಅವರಿಗೆ 65 ವರ್ಷ. 1945ರಿಂದ ವರ್ಷಕ್ಕೆರಡು ಬಾರಿ ಹಾರ್ವರ್ಡಿನಲ್ಲಿ ಒಂದೊಂದು ವಾರ ಪೊಲೀಸರಿಗಾಗಿ ಶಿಬಿರ ನಡೆಸಿದರು. ಬಂದವರು ಟಾರ್ಚು ಹಿಡಿದು ಗೊಂಬೆಮನೆಗಳ ಮುಂದೆ ನಿಲ್ಲುತ್ತಿದ್ದರು. ಕೊಡುತ್ತಿದ್ದ ಸಮಯ 90 ನಿಮಿಷ. ಮನಬಂದಲ್ಲಿ ಕಣ್ಣು ಹಾಯಿಸದೆ, ಒಂದು ಬದಿಯಿಂದ ಆರಂಭಿಸಿ ಸುತ್ತುತ್ತ ಕೊನೆಗೆ ನಡುವಿಗೆ ಬರಬೇಕೆಂಬುದು ಕ್ರಮ. ಶಿಬಿರದ ಕೊನೆಗೆ ಬಾಸ್ಟನ್ನಿನ ರಿಟ್ಸ್ ಕಾರ್ಲ್‌ಟನ್ ಹೋಟೆಲಿನಲ್ಲಿ ಔತಣ. ಅದಕ್ಕೆಂದೇ ಚಿನ್ನದ ಅಂಚಿನ ಪಿಂಗಾಣಿ ತಟ್ಟೆಗಳನ್ನು ಆಕೆ ಕೊಂಡು ಇರಿಸಿದ್ದರು. ಸಾಮಾನ್ಯ ಪೊಲೀಸನೂ ಅಲ್ಲಿ ಮಾನ್ಯ ಅತಿಥಿ. ಪೆರಿ ಮೇಸನ್ ಕಥೆಗಳ ಕರ್ತೃ ಅರ್ಲ್ ಸ್ಟ್ಯಾನ್ಲಿ ಗಾರ್ಡ್‌ನರ್ ಈ ಶಿಬಿರವನ್ನು ಕಂಡು ಮೆಚ್ಚಿ ತನ್ನದೊಂದು ಕಾದಂಬರಿಯನ್ನು ಆಕೆಗೆ ಅರ್ಪಿಸಿದನು.

1962ನೆಯ ಇಸವಿ ಜನವರಿ 27ರಂದು, 83ನೆಯ ವಯಸ್ಸಿನಲ್ಲಿ, ಶ್ರೀಮತಿ ಲೀ ತೀರಿಕೊಂಡರು. ಐದು ವರ್ಷಗಳಲ್ಲಿ, ಅಂದರೆ 1967ರಲ್ಲಿ, ಹಾರ್ವರ್ಡ್ ಆ ವಿಭಾಗವನ್ನೇ ಮುಚ್ಚಿಬಿಟ್ಟಿತು. ದೊಡ್ಡ ನಿಧಿಯಿಂದ ಕಟ್ಟಿದುದು ಉಳಿಯಲಿಲ್ಲ. ಸೂಜಿಯಿಂದ ಕಟ್ಟಿದುದು ಉಳಿಯಿತು. ಗೊಂಬೆಮನೆಗಳು ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ನಗರದ ಮುಖ್ಯ ವೈದ್ಯಪರೀಕ್ಷಕರ ಕಚೇರಿಗೆ ಹೋಗಿ ಸೇರಿದುವು. ಅಲ್ಲಿ 18 ಮನೆಗಳು ಉಳಿದುಬಂದು, ಆಕೆ ಸತ್ತ ಮೇಲೆಯೂ ದಶಕಗಳ ಕಾಲ ಪೊಲೀಸರಿಗೆ ಪಾಠ ಹೇಳಿದುವು. 2017ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆ ಅವನ್ನು ಕಲಾಕೃತಿಗಳಾಗಿ ಪ್ರದರ್ಶಿಸಿತು.

ಪ್ರತಿ ಮನೆಯ ಒಗಟಿಗೂ ಶ್ರೀಮತಿ ಲೀ ಉತ್ತರವನ್ನು ಸಿದ್ಧಪಡಿಸಿದ್ದರು. ಆ ಉತ್ತರಗಳಲ್ಲಿ ಬಹುಪಾಲನ್ನು ಬಹಿರಂಗಗೊಳಿಸದೆ ಕಾಪಾಡಿಕೊಂಡು ಬಂದಿದ್ದಾರೆ. ಪರೀಕ್ಷೆಯ ಹಿಂದಿನ ರಾತ್ರಿ ಗೈಡಿನ ಉತ್ತರವನ್ನು ಕಂಠಪಾಠ ಮಾಡಿ ಗೆಲ್ಲುವ ನಮಗೆ ಇದು ವಿಚಿತ್ರವೆನಿಸೀತು. ಆದರೆ ಆಕೆ ಕಲಿಸಲು ಹೊರಟುದು ಉತ್ತರವನ್ನಲ್ಲ, ನೋಡುವುದನ್ನು. ಪದವಿ ಪಡೆದು ಇಲ್ಲಿಂದ ಹೊರಡುವ ನಮ್ಮಲ್ಲಿ ಯಾರೋ ಪೊಲೀಸು ಇಲಾಖೆಗೆ, ಯಾರೋ ತಾಲೂಕು ಕಚೇರಿಗೆ, ಯಾರೋ ಶಾಲೆಗೆ ಹೋಗುವವರಿದ್ದೇವೆ. ಬಡವನೊಬ್ಬನ ಅರ್ಜಿಯೋ, ಮಗುವೊಂದರ ಮೈಮೇಲಿನ ಬಾಸುಂಡೆಯೋ, ಪಂಚನಾಮೆಯ ಒಂದು ಸಾಲೋ ನಮ್ಮ ಮೇಜಿನ ಮುಂದೆ ಬರುವ ದಿನ ದೂರವಿಲ್ಲ. ಅದು ಸಣ್ಣ ವಿಷಯವೆಂದು ಬದಿಗೆ ಸರಿಸುವ ಮುನ್ನ, ಒಂದು ಅಡಿಯನ್ನು ಒಂದು ಅಂಗುಲಕ್ಕೆ ಇಳಿಸಿಯೂ ಒಂದು ಎಳೆಯನ್ನೂ ಬಿಡದ ಆ ಹೆಂಗಸಿನ ಶ್ರದ್ಧೆಯಲ್ಲಿ ಅಷ್ಟಿಷ್ಟು ನಮಗೂ ಬರಲಿ.