ಸರ್ ಎಂವಿ ಬರೆದ ಕ್ಲೀನ್ ಕೋಡ್, ಅದರಲ್ಲಿ ಉಳಿದ ಒಂದು ಬಗ್

ನಮ್ಮ ಮುರುಗಮಲ್ಲದ ಕಡೆ ಯಾರಿಗಾದ್ರೂ ಎಂಜಿನಿಯರಿಂಗ್ ಸೀಟು ಸಿಕ್ಕರೆ ಹಿರಿಯರ ಬಾಯಲ್ಲಿ ಮೊದಲು ಬರೋದು ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು. ಮುದ್ದೇನಹಳ್ಳಿ ನಮ್ಮದೇ ಜಿಲ್ಲೆ, ಕೇಳಬೇಕೆ! ಆದರೆ ಅವರು ನನಗೆ ಅರ್ಥವಾಗಿದ್ದು ಕೆಲಸಕ್ಕೆ ಸೇರಿ, ಯಾರೋ ಬರೆದಿಟ್ಟುಹೋದ ಗೋಜಲು ಕೋಡ್ ಬಿಡಿಸುತ್ತಾ ರಾತ್ರಿ ಕಳೆದ ಮೇಲೆ.

ಮನೆಪಾಠ ಹೇಳಿಕೊಂಡು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಹುಡುಗ ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ, 1884ರಲ್ಲಿ ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದ. 1903ರಲ್ಲಿ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ಕೂರಿಸಿದ ಸ್ವಯಂಚಾಲಿತ ಗೇಟುಗಳನ್ನೇ ನೋಡಿ. ನೀರು ಮಟ್ಟ ಮೀರಿದರೆ ತಾವಾಗೇ ತೆರೆಯುತ್ತಿದ್ದವು, ಇಳಿದರೆ ಮುಚ್ಚುತ್ತಿದ್ದವು. ಅಣೆಕಟ್ಟು ಎತ್ತರಿಸದೆಯೇ ಹೆಚ್ಚು ನೀರು ನಿಂತಿತು. ಒಂದು ಫಂಕ್ಷನ್, ಒಂದೇ ಕೆಲಸ. ನಡುರಾತ್ರಿ ಯಾರನ್ನೂ ಎಬ್ಬಿಸಬೇಕಿಲ್ಲ.

ನನಗೆ ಇದಕ್ಕಿಂತ ಇಷ್ಟವಾಗೋದು ನೀರಾ ಕಾಲುವೆಯ ಕೆಲಸ. ಅಲ್ಲಿ ಕಬ್ಬು ಬೆಳೆಯೋರು ನೀರನ್ನೆಲ್ಲ ಎಳೆದುಕೊಳ್ಳುತ್ತಿದ್ದರು, ಉಳಿದ ಹಳ್ಳಿಗಳಿಗೆ ಸಿಗುತ್ತಿದ್ದದ್ದು ಅಷ್ಟಕ್ಕಷ್ಟೇ. ಎಂವಿ ಹೊಸ ಕಾಲುವೆ ತೋಡಲಿಲ್ಲ. ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ ಕಬ್ಬು, ಭತ್ತ, ಕಡಿಮೆ ನೀರಿನ ಬೆಳೆ ಸರದಿಯಲ್ಲಿ ಬರುವ ಹಾಗೆ ಮಾಡಿದರು. ನಾವು ರಿಫ್ಯಾಕ್ಟರಿಂಗ್ ಅನ್ನೋದು ಇದನ್ನೇ. ಮೊದಲು ವಿರೋಧ ಬಂತು. ಹೆಚ್ಚು ಕುಡಿಯುತ್ತಿದ್ದವರಿಗೆ ಕಡಿತವಾಗದೆ ಉಳಿದವರಿಗೆ ನೀರು ಎಲ್ಲಿಂದ ಬರಬೇಕು?

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಲ್ಲಿ ದಿವಾನ್. ಕನ್ನಂಬಾಡಿ ಕಟ್ಟೆ, 1913ರ ಪ್ರಾಥಮಿಕ ಶಿಕ್ಷಣ ಕಾನೂನು, 1916ರ ಮೈಸೂರು ವಿಶ್ವವಿದ್ಯಾಲಯ, ಇವೆಲ್ಲ ನಿಮಗೆ ಗೊತ್ತೇ ಇದೆ.

ಶಾಲೆಯ ಪಾಠದಲ್ಲಿ ನಾನು ಓದದೇ ಹೋದದ್ದು 1918. ಸರ್ಕಾರಿ ಹುದ್ದೆಗಳಲ್ಲಿ ಬಹುಪಾಲು ಬ್ರಾಹ್ಮಣರ ಕೈಯಲ್ಲಿದ್ದವು. ಪ್ರಜಾಮಿತ್ರ ಮಂಡಳಿಯವರು ಪಾಲು ಕೇಳಿದರು, ನಾಲ್ವಡಿ ಕೃಷ್ಣರಾಜ ಒಡೆಯರ್ ಮಿಲ್ಲರ್ ಸಮಿತಿ ನೇಮಿಸಿದರು. ಹಿಂದುಳಿದವರಿಗೆ ಶಾಲೆ, ವಿದ್ಯಾರ್ಥಿವೇತನ ಕೊಡಲು ಎಂವಿ ಸಿದ್ಧರಿದ್ದರು. ಹುದ್ದೆಗೆ ಮಾತ್ರ ಅರ್ಹತೆಯೊಂದೇ ಎಂದು ಪಟ್ಟುಹಿಡಿದು, ಆ ವರ್ಷವೇ ದಿವಾನಗಿರಿ ಬಿಟ್ಟರು.

ಕುರ್ಚಿಗೆ ಅಂಟಿಕೊಳ್ಳದ ಆ ಗಟ್ಟಿತನಕ್ಕೆ ನನ್ನ ಗೌರವವಿದೆ. ಆದರೆ ತರ್ಕ ಸರಿಯಿದ್ದೂ ಇನ್‌ಪುಟ್ ಪರಿಶೀಲಿಸದ ಪ್ರೋಗ್ರಾಂ ತಪ್ಪು ಉತ್ತರವನ್ನೇ ಕೊಡುತ್ತೆ. ಪರೀಕ್ಷೆ ಎಲ್ಲರಿಗೂ ಒಂದೇ ಆಗಿರಬಹುದು, ಪರೀಕ್ಷಾ ಕೊಠಡಿಗೆ ಬರುವ ದಾರಿ ಒಂದೇ ಆಗಿರಲಿಲ್ಲ. ನೀರಾ ಕಾಲುವೆಯಲ್ಲಿ ನೀರು ಸಿಗದ ಹಳ್ಳಿಗಳನ್ನು ಕಂಡ ಕಣ್ಣಿಗೆ ಮೈಸೂರಿನ ಕಚೇರಿಗಳಲ್ಲಿ ಅವು ಯಾಕೆ ಕಾಣಲಿಲ್ಲವೋ!

1921ರಲ್ಲಿ ಮೈಸೂರು ಸರ್ಕಾರ ಮೀಸಲಾತಿ ಜಾರಿಗೆ ತಂತು. ಎಂವಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತರು, 1955ರಲ್ಲಿ ಭಾರತ ರತ್ನ ಪಡೆದರು, 1962ರ ಏಪ್ರಿಲ್ 14ರಂದು ತೀರಿಕೊಂಡರು. ಸಮಾಧಿ ಮುದ್ದೇನಹಳ್ಳಿಯಲ್ಲೇ ಇದೆ.